ದೊಡ್ಡವರಾದ ಮೇಲೆ ಬ್ಯಾಲೆ: ನಿಮ್ಮಲ್ಲಿರುವ ಬಲವನ್ನು ಹುಡುಕಿ ಗುರುತಿಸುವುದು ಹೇಗೆ?

ನಾನು ಬ್ಯಾಲೆ ಶುರು ಮಾಡಿದ್ದು 38ನೇ ವಯಸ್ಸಿಗೆ. ಈಗ 42. ಮನೆ ಅಂಕೋಲಾದಲ್ಲಿ, ತವರು ಶಿರಸಿ ಹತ್ತಿರದ ಒಂದು ಅಡಿಕೆ ತೋಟ. ನಮ್ಮ ಟೀಚರ್ ಗೋವಾದವರು. ತಿಂಗಳಿಗೆ ಎರಡು ಭಾನುವಾರ ಕಾರವಾರಕ್ಕೆ ಬಂದು ಏಳು ಜನಕ್ಕೆ ಕಲಿಸುತ್ತಾರೆ, ಉಳಿದ ವಾರಗಳಲ್ಲಿ ಫೋನಿನಲ್ಲೇ ಪಾಠ. ಏಳು ಜನರಲ್ಲಿ 30ರ ಒಳಗಿನವರು ಯಾರೂ ಇಲ್ಲ.

ಎರಡನೇ ವರ್ಷದ ಒಂದು ಭಾನುವಾರ, ಪಾಠ ಮುಗಿದ ಮೇಲೆ ಟೀಚರ್ ಎಲ್ಲರನ್ನೂ ನೆಲದ ಮೇಲೆ ಕೂರಿಸಿ ಕೇಳಿದರು, "ನಿಮಗೆ ಚೆನ್ನಾಗಿ ಬರುವುದು ಯಾವುದು? ಒಂದೊಂದು ಹೇಳಿ." ಯಾರೂ ಬಾಯಿ ಬಿಡಲಿಲ್ಲ. ಬಾರದೇ ಇರುವುದು ಯಾವುದು ಅಂತ ಕೇಳಿದ್ದರೆ ಅರ್ಧ ಗಂಟೆ ಹೇಳುತ್ತಿದ್ದೆವು. ಕಾಲು ಮೇಲೆ ಹೋಗುವುದಿಲ್ಲ, ಪಾದ ತೆರೆಯುವುದಿಲ್ಲ, ಸೊಂಟ ಬಿಗಿ, ತಿರುಗಿದರೆ ತಲೆ ಸುತ್ತುತ್ತದೆ. ಈ ಪಟ್ಟಿ ಎಲ್ಲರಿಗೂ ಬಾಯಿಪಾಠ. ಆದರೆ ಆ ಇನ್ನೊಂದು ಪಟ್ಟಿ ಯಾರ ಹತ್ತಿರವೂ ಇರಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ತುಂಬಾ ಬೇಜಾರಾಯಿತು. ಎರಡು ವರ್ಷ ಬೆವರು ಸುರಿಸಿದ್ದೇನೆ, ಒಂದು ಒಳ್ಳೆಯದನ್ನೂ ಹೆಸರಿಟ್ಟು ಹೇಳಲಾರೆ ಅಂದರೆ ಹೇಗೆ?

ಆಮೇಲೆ ನಾನು ಇದನ್ನು ಹಟ ಹಿಡಿದು ಹುಡುಕಿದೆ. ಹುಡುಕಿದ ದಾರಿಯನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಈ ವಯಸ್ಸಿನಲ್ಲಿ ಭರತನಾಟ್ಯವನ್ನೋ ಯಕ್ಷಗಾನವನ್ನೋ ಕಲಿಯಲು ಹೊರಟವರಿಗೂ ಇದರ ಜಾಸ್ತಿ ಭಾಗ ಹೊಂದುತ್ತದೆ.

ಮೊದಲೇ ಒಂದು ಮಾತು. ಬಲ ಅಂದರೆ ನಾನು ಏನು ಅಂದುಕೊಂಡಿದ್ದೇನೆ ಅಂತ ಹೇಳಿಬಿಡುತ್ತೇನೆ. ಒಂದು ದಿನ ಚೆನ್ನಾಗಿ ಬಂದು ಮರುದಿನ ಕೈಕೊಡುವುದು ಲೆಕ್ಕಕ್ಕಿಲ್ಲ. ದಣಿದ ದಿನವೂ ಬರಬೇಕು. ಗೊತ್ತಿಲ್ಲದ ಹೊಸ ಹೆಜ್ಜೆ ಕೊಟ್ಟಾಗಲೂ ಆಸರೆಗೆ ನಿಲ್ಲಬೇಕು. ಅಂಥದ್ದು ನಿಮ್ಮಲ್ಲಿ ಎರಡೋ ಮೂರೋ ಇದ್ದೇ ಇರುತ್ತದೆ.

ಹೆಜ್ಜೆ 1: ಕೈಯಲ್ಲಿರುವ ಅಳತೆಗೋಲನ್ನು ಮೊದಲು ಕೆಳಗಿಡಿ

ಬ್ಯಾಲೆ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಕಿವಿ ಹತ್ತಿರ ಹೋದ ಕಾಲು ಮತ್ತು ಒಂದೇ ಗೆರೆಯಲ್ಲಿ ಎಡಕ್ಕೂ ಬಲಕ್ಕೂ ನೋಡುತ್ತಿರುವ ಎರಡು ಪಾದ. ಈ ಎರಡರಿಂದಲೇ ನಮ್ಮನ್ನು ನಾವು ಅಳೆದುಕೊಂಡು ಸೋತೆವು ಅಂದುಕೊಳ್ಳುತ್ತೇವೆ. ಕಾಲನ್ನು ಹೊರಕ್ಕೆ ತಿರುಗಿಸುವ ಈ ಗುಣಕ್ಕೆ ಟರ್ನ್‌ಔಟ್ ಅನ್ನುತ್ತಾರೆ. ಅದು ಹುಟ್ಟಬೇಕಾದ್ದು ಸೊಂಟದ ಕೀಲಿನಲ್ಲಿ. ತೊಡೆಮೂಳೆಯ ತಲೆ ಸೊಂಟದ ಗುಳಿಯೊಳಗೆ ಕೂತಿರುತ್ತದೆ. ಆ ಗುಳಿ ಯಾವ ಕಡೆ ಮುಖ ಮಾಡಿದೆ, ಎಷ್ಟು ಆಳ ಇದೆ, ತೊಡೆಮೂಳೆಯ ಕತ್ತು ಎಷ್ಟು ತಿರುಚಿದೆ ಅನ್ನುವುದರ ಮೇಲೆ ನಿಮ್ಮ ಕಾಲು ಎಷ್ಟು ತೆರೆಯುತ್ತದೆ ಅನ್ನುವುದು ನಿಂತಿದೆ. ದೊಡ್ಡವರಲ್ಲಿ ಮೂಳೆಯ ಆಕಾರ ಅಭ್ಯಾಸದಿಂದ ಬದಲಾಗುವುದಿಲ್ಲ. ಬದಲಾಗುವುದು ಸ್ನಾಯು, ಮತ್ತು ಇರುವಷ್ಟನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ.

ಇದು ನನಗೆ ನೋವಿನಿಂದ ಗೊತ್ತಾದ ವಿಷಯ. ಈಗಿನ ಟೀಚರ್ ಸಿಗುವ ಮೊದಲು ಬೇರೆ ಊರಿನ ಒಂದು ತರಗತಿಗೆ ಮೂರು ತಿಂಗಳು ಹೋಗಿದ್ದೆ. ಅಲ್ಲಿ ಪಾದ ಒಂದೇ ಗೆರೆಗೆ ಬರಲೇಬೇಕು ಅನ್ನುವ ಒತ್ತಾಯ. ಸೊಂಟ ತೆರೆಯದಿದ್ದಾಗ ಪಾದವನ್ನು ನೆಲಕ್ಕೆ ಒತ್ತಿ ತಿರುಗಿಸಿದೆ, ಆ ತಿರುಚು ಪೂರ್ತಿ ಮಂಡಿಗೆ ಬಿತ್ತು. ಎರಡು ತಿಂಗಳು ಮೆಟ್ಟಿಲು ಇಳಿಯುವಾಗ ಮಂಡಿಯ ಒಳಬದಿ ಚುಚ್ಚುತ್ತಿತ್ತು.

ನೀವು ಹೀಗೆ ಮಾಡಿ. ಬೆನ್ನ ಮೇಲೆ ಮಲಗಿ, ಕಾಲು ಚಾಚಿ, ತೊಡೆಯ ಬುಡದಿಂದ ಎರಡೂ ಕಾಲನ್ನು ಹೊರಕ್ಕೆ ತಿರುಗಿಸಿ. ಮಂಡಿಚಿಪ್ಪು ಯಾವ ಕಡೆ ನೋಡುತ್ತದೆ ಅಂತ ಗಮನಿಸಿ. ಎದ್ದು ನಿಂತಾಗ ಪಾದ ಹೆಚ್ಚುಕಡಿಮೆ ಅದೇ ಕಡೆ ನೋಡಲಿ, ಅದಕ್ಕಿಂತ ಹೊರಗೆ ಬೇಡ. ಪ್ಲಿಯೆ ಮಾಡುವಾಗ, ಅಂದರೆ ಮಂಡಿ ಬಗ್ಗಿಸುವಾಗ, ಮಂಡಿ ಪಾದದ ಎರಡನೇ ಬೆರಳಿನ ನೇರಕ್ಕೆ ಹೋಗಬೇಕು. ಒಳಕ್ಕೆ ಬೀಳುತ್ತಿದ್ದರೆ ಪಾದವನ್ನು ಸ್ವಲ್ಪ ಒಳಕ್ಕೆ ತಿರುಗಿಸಿ.

ಇಷ್ಟಾದ ಮೇಲೆ ನಿಮಗೊಂದು ಹೊಸ ಪ್ರಶ್ನೆ ಸಿಗುತ್ತದೆ. ಎಷ್ಟು ತೆರೆಯುತ್ತದೆ ಅನ್ನುವುದನ್ನು ಬಿಡಿ. ತೆರೆದಷ್ಟನ್ನು ಪಾಠದ ಕೊನೆಯವರೆಗೆ ಹಿಡಿದಿಡುತ್ತೀರಾ? ನಮ್ಮಲ್ಲಿ ಕಾರವಾರದ ಒಬ್ಬ ನರ್ಸ್ ಇದ್ದಾರೆ, ಅವರ ಪಾದ ಸುಮ್ನೆ ಇಷ್ಟೇ ಇಷ್ಟು ತೆರೆಯುತ್ತದೆ, ಆದರೆ ಆ ಇಷ್ಟು ಒಂದೂವರೆ ಗಂಟೆಯಲ್ಲಿ ಒಂದು ಎಳೆಯೂ ಕದಲುವುದಿಲ್ಲ. ನೋಡಲು ಎಷ್ಟು ಚೆಂದ ಗೊತ್ತಾ?

ಹೆಜ್ಜೆ 2: ಪಾಠವನ್ನು ಬಿಡಿಬಿಡಿಯಾಗಿ ನೋಡಿ

"ನನಗೆ ಬ್ಯಾಲೆ ಬರುವುದಿಲ್ಲ" ಅನ್ನುವ ಮಾತಿಗೆ ಅರ್ಥವೇ ಇಲ್ಲ. ಅದು "ನನಗೆ ಅಡುಗೆ ಬರುವುದಿಲ್ಲ" ಅಂದ ಹಾಗೆ. ತಂಬುಳಿ ಚೆನ್ನಾಗಿ ಮಾಡುವವರಿಗೆ ಹೋಳಿಗೆ ಲಟ್ಟಿಸಲು ಬಾರದೇ ಇರಬಹುದು, ಅಲ್ವಾ? ಬ್ಯಾಲೆ ಪಾಠದಲ್ಲೂ ಒಂದೊಂದು ಭಾಗ ಒಂದೊಂದು ಶಕ್ತಿಯನ್ನು ಕೇಳುತ್ತದೆ. ಪಾಠದ ಕ್ರಮ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಇದನ್ನು ಗಮನಿಸುವುದು ಸುಲಭ.

ಮೊದಲು ಬಾರ್, ಅಂದರೆ ಕೈ ಇಟ್ಟುಕೊಳ್ಳುವ ಅಡ್ಡಕೋಲು. ಪ್ಲಿಯೆ ನಿಮ್ಮ ಹರಡಿನ, ಅಂದರೆ ಪಾದದ ಗಂಟಿನ, ಮೃದುತ್ವವನ್ನೂ ತಾಳ್ಮೆಯನ್ನೂ ತೋರಿಸುತ್ತದೆ. ಪಾದವನ್ನು ನೆಲಕ್ಕೆ ಸವರಿಕೊಂಡು ಚಾಚುವ ತಾಂದ್ಯುವಿನಲ್ಲಿ ಅಂಗಾಲು ಎಷ್ಟು ಜೀವಂತವಾಗಿದೆ ಅಂತ ತಿಳಿಯುತ್ತದೆ. ಪಾದವನ್ನು ಚುರುಕಾಗಿ ಹೊರಕ್ಕೆ ಹೊಡೆಯುವ ಫ್ರಾಪೆ ವೇಗಕ್ಕೆ. ನೆಲದ ಮೇಲೆ ಅರ್ಧಚಂದ್ರ ಬಿಡಿಸುವ ರೋಂ ದ ಜಾಂಬ್ ಮಾಡುವಾಗ ಸೊಂಟ ಅಲುಗದೆ ನಿಂತರೆ ನಿಮ್ಮ ನಡುಭಾಗ ಗಟ್ಟಿ ಅಂತ ಲೆಕ್ಕ.

ಆಮೇಲೆ ಕೋಲು ಬಿಟ್ಟು ಹಾಲ್‌ನ ನಡುವೆ. ಅಡಾಜಿಯೊ ಅನ್ನುವ ನಿಧಾನದ ಭಾಗಕ್ಕೆ ಸಮತೋಲ ಬೇಕು, ಉಸಿರು ಬೇಕು. ಪಿರುಯೆಟ್ ಅಂದರೆ ಒಂಟಿ ಕಾಲಿನ ಗಿರಕಿ. ಅದರಲ್ಲಿ ತಲೆ ಕೊನೆಗೆ ಹೊರಟು ಮೊದಲು ತಲುಪಬೇಕು, ಕಣ್ಣು ಒಂದೇ ಗುರುತಿಗೆ ವಾಪಸ್ ಬರಬೇಕು. ಪೆತಿ ಅಲೆಗ್ರೊದಲ್ಲಿ ಚಿಕ್ಕ ಚಿಕ್ಕ ನೆಗೆತ, ಅಲ್ಲಿ ತಾಳವೂ ನೆನಪೂ ಮುಖ್ಯ. ಗ್ರಾಂಡ್ ಅಲೆಗ್ರೊದಲ್ಲಿ ಹಾಲ್‌ನ ಈ ಮೂಲೆಯಿಂದ ಆ ಮೂಲೆಗೆ ದೊಡ್ಡ ನೆಗೆತ, ಅದಕ್ಕೆ ಧೈರ್ಯ. ಕೈಗಳ ಚಲನೆ, ಪೋರ್ ದ ಬ್ರಾ, ಎಲ್ಲ ಕಡೆ ಇರುತ್ತದೆ. ಕೊನೆಗೆ ರೆವೆರಾನ್ಸ್ ಅಂತ ಟೀಚರಿಗೂ ಪಿಯಾನೊ ನುಡಿಸುವವರಿಗೂ ತಲೆಬಾಗುವುದು. ಫ್ರಾನ್ಸಿನ ಅರಮನೆಯ ರೀತಿ ರಿವಾಜು ಇವತ್ತಿಗೂ ಉಳಿದಿದೆ. ಅಲ್ಲಿನ ದೊರೆ 14ನೇ ಲೂಯಿ 1661ರಲ್ಲಿ ನೃತ್ಯಕ್ಕೆ ಅಂತಲೇ ಒಂದು ಅಕಾಡೆಮಿ ತೆರೆದವನು, ಹಾಗಾಗಿ ಹೆಜ್ಜೆಗಳ ಹೆಸರು ಇವತ್ತಿಗೂ ಹೆಚ್ಚಾಗಿ ಫ್ರೆಂಚ್.

ಒಂದು ಹಾಳೆಯಲ್ಲಿ ಈ ಭಾಗಗಳನ್ನು ಕೆಳಗೆ ಕೆಳಗೆ ಬರೆಯಿರಿ. ನಾಲ್ಕು ಪಾಠದವರೆಗೆ ಪ್ರತಿಯೊಂದರ ಎದುರು ಒಂದೇ ಗುರುತು: ಹಗುರ ಅನಿಸಿದರೆ ಒಂದು ಚುಕ್ಕೆ, ಭಾರ ಅನಿಸಿದರೆ ಒಂದು ಗೆರೆ. ಯೋಚನೆ ಮಾಡಬೇಡಿ, ಮೊದಲು ಅನಿಸಿದ್ದನ್ನು ಹಾಕಿ. ನನ್ನ ಹಾಳೆಯಲ್ಲಿ ಪಿರುಯೆಟ್ ಎದುರು ನಾಲ್ಕೂ ಗೆರೆ, ಅಡಾಜಿಯೊ ಎದುರು ನಾಲ್ಕೂ ಚುಕ್ಕೆ. ನಾನು ಅಷ್ಟು ದಿನ ಅಡಾಜಿಯೊವನ್ನು ನಿಧಾನ ಆದ್ದರಿಂದ ಸುಲಭ ಅಂತ ತಿಳಿದು ಲೆಕ್ಕಕ್ಕೇ ಹಿಡಿದಿರಲಿಲ್ಲ. ಪಕ್ಕದವರ ಹಾಳೆಯಲ್ಲಿ ಅದರ ಎದುರು ಬರೀ ಗೆರೆ ನೋಡಿದಾಗ ಗೊತ್ತಾಯಿತು.

ಇದನ್ನು ಚೆನ್ನಾಗಿ ನೆನಪಿಡಿ. ಬಲ ಇರುವ ಜಾಗ ನಮಗೆ ಸುಲಭವಾಗಿ ಕಾಣುವುದರಿಂದಲೇ ಕಣ್ಣಿಗೆ ಬೀಳುವುದಿಲ್ಲ.

ಹೆಜ್ಜೆ 3: ಈ ದೇಹ ಮೊದಲು ಏನೇನು ಮಾಡಿದೆ ಅಂತ ಬರೆಯಿರಿ

ನನಗೆ ಎಲ್ಲಕ್ಕಿಂತ ಇಷ್ಟವಾದ ಹೆಜ್ಜೆ ಇದು. ದಯವಿಟ್ಟು ಹಾರಿಸಬೇಡಿ. ಎಂಟು ವರ್ಷದ ಮಗು ಬ್ಯಾಲೆಗೆ ಬಂದಾಗ ಅದರ ದೇಹ ಹೊಸದು. ನಮ್ಮದು ಹಾಗಲ್ಲ. ಮೂವತ್ತು ನಲವತ್ತು ವರ್ಷ ಏನೇನೋ ಎತ್ತಿದೆ, ಹತ್ತಿದೆ, ದಾಟಿದೆ. ಅದೆಲ್ಲ ಒಳಗೆ ಕೂತಿರುತ್ತದೆ.

ನನ್ನ ಅಡಾಜಿಯೊದ ಗುಟ್ಟು ಸಿಕ್ಕಿದ್ದು ತವರಿನಲ್ಲಿ. ಮಳೆಗಾಲದಲ್ಲಿ ಶಾಲೆಗೆ ಹೋಗುವ ದಾರಿಯಲ್ಲಿ ಹಳ್ಳಕ್ಕೆ ಸಂಕ ಇರುತ್ತಿತ್ತು. ಎರಡು ಅಡಿಕೆ ಮರ ಅಡ್ಡ ಹಾಕಿದ್ದು, ಅಷ್ಟೇ. ಕೆಳಗೆ ಕೆಂಪು ನೀರು ಭೋರ್ ಅಂತ ಹೋಗುತ್ತಿರುತ್ತಿತ್ತು, ಮರ ಜಾರುತ್ತಿತ್ತು, ಒಂದು ಕೈಯಲ್ಲಿ ಕೊಡೆ, ಬೆನ್ನಿಗೆ ಚೀಲ. ಅಪ್ಪ ಒಂದೇ ಮಾತು ಹೇಳುತ್ತಿದ್ದರು: "ಕೆಳಗೆ ನೋಡಬೇಡ ತಂಗಿ, ಆಚೆ ದಡ ನೋಡು, ಬೆರಳಲ್ಲಿ ಮರ ಹಿಡಿ." ಏಳು ವರ್ಷ ದಿನಕ್ಕೆ ಎರಡು ಸಲ ಹಾಗೆ ದಾಟಿದ್ದೇನೆ. ಈಗ ರೆಲೆವೆಯಲ್ಲಿ, ಅಂದರೆ ಹಿಮ್ಮಡಿ ಎತ್ತಿ ಪಾದದ ಮುಂಭಾಗದ ಮೇಲೆ ನಿಂತಾಗ, ನನ್ನ ಟೀಚರ್ ಹೇಳುವುದೂ ಅದನ್ನೇ. ಕಣ್ಣು ದೂರಕ್ಕೆ, ಭಾರ ಹೆಬ್ಬೆರಳಿಗೂ ಕಿರುಬೆರಳಿಗೂ ಹಂಚಿರಲಿ. ನನ್ನ ಪಾದಕ್ಕೆ ಅದು ಹೊಸ ಪಾಠ ಆಗಿರಲೇ ಇಲ್ಲ.

ನಮ್ಮ ಗುಂಪಿನ ಬೇರೆಯವರದ್ದೂ ಹೇಳುತ್ತೇನೆ. ಒಬ್ಬರ ತಾಯಿ ಕಾರವಾರ ಪೇಟೆಯಲ್ಲಿ ಮೀನು ಮಾರುತ್ತಿದ್ದರು, ಇವರೂ ಕಾಲೇಜು ಮುಗಿಯುವವರೆಗೆ ತಲೆ ಮೇಲೆ ಸಿಂಬಿ ಇಟ್ಟು ಬುಟ್ಟಿ ಹೊತ್ತವರು. ಅವರ ಕತ್ತು ನೋಡಬೇಕು. ಭುಜ ಕೆಳಗೆ, ಕತ್ತು ಉದ್ದ, ಬೆನ್ನು ನೆಟ್ಟಗೆ. ನಮಗೆಲ್ಲ ಟೀಚರ್ ದಿನಾ ಹೇಳಿ ಹೇಳಿ ಸಾಕಾಗುವುದು ಅವರಿಗೆ ಒಮ್ಮೆಯೂ ಹೇಳಬೇಕಾಗಿ ಬಂದಿಲ್ಲ. ಕುಮಟಾ ಕಡೆಯ ಒಬ್ಬರು ಹುಡುಗರಾಗಿದ್ದಾಗ ಬಡಗುತಿಟ್ಟಿನ ಯಕ್ಷಗಾನ ಕಲಿತವರು. ಮಂಡಿಯ ಮೇಲೆ ಗಿರಕಿ ಹೊಡೆದವರಿಗೆ ತಲೆ ಸುತ್ತು ಅಂದರೆ ಏನು ಅಂತ ಗೊತ್ತಿಲ್ಲ. ಗಿರಕಿಯಲ್ಲಿ ಕಣ್ಣನ್ನು ಎಲ್ಲಿಡಬೇಕು ಅನ್ನುವುದನ್ನು ಅವರು ಒಂದೇ ಪಾಠದಲ್ಲಿ ಹಿಡಿದರು. ನರ್ಸ್ ವಿಷಯ ಆಗಲೇ ಹೇಳಿದೆ: ರಾತ್ರಿ ಪಾಳಿಯಲ್ಲಿ ಗಂಟೆಗಟ್ಟಲೆ ನಿಂತು ನಿಂತು ಕಾಲಿಗೆ ಬಂದ ಸಹನೆ ಅದು.

ನೃತ್ಯವೇ ಆಗಬೇಕು ಅಂತಿಲ್ಲ. ಭಜನೆಯಲ್ಲಿ ತಾಳ ಹಾಕಿದ್ದೀರಾ? ಖೋ ಖೋ, ವಾಲಿಬಾಲ್ ಆಡಿದ್ದೀರಾ? ಮೆಟ್ಟುಗತ್ತಿಯ ಮೇಲೆ ಕೂತು ರಾಶಿ ಅಡಿಕೆ ಸುಲಿದಿದ್ದೀರಾ? ಕೈಯ ಒಂದೇ ಚಲನೆಯನ್ನು ಸಾವಿರ ಸಲ ತಪ್ಪದೆ ಮಾಡುವ ಅಭ್ಯಾಸ ತಾಂದ್ಯುವಿಗೆ ನೇರವಾಗಿ ಕೆಲಸಕ್ಕೆ ಬರುತ್ತದೆ. ಲೆಕ್ಕಪತ್ರದ ಕೆಲಸ ಮಾಡುವವರು ಹೆಜ್ಜೆಯ ಸಾಲನ್ನು ಬೇಗ ನೆನಪಿಟ್ಟುಕೊಳ್ಳುವುದನ್ನೂ ನೋಡಿದ್ದೇನೆ. ಒಂದು ಸಂಜೆ ಕೂತು ಇಂಥದ್ದನ್ನೆಲ್ಲ ಬರೆಯಿರಿ, ಅಮ್ಮನನ್ನೋ ಅಣ್ಣನನ್ನೋ ಕೇಳಿ ಬರೆಯಿರಿ, ನೀವು ಮರೆತದ್ದು ಅವರಿಗೆ ನೆನಪಿರುತ್ತದೆ. ಆಮೇಲೆ ಹೆಜ್ಜೆ 2ರ ಹಾಳೆಯನ್ನು ಪಕ್ಕದಲ್ಲಿಟ್ಟು ಯಾವ ಚುಕ್ಕೆ ಯಾವ ಹಳೆಯ ಕೆಲಸದಿಂದ ಬಂತು ಅಂತ ಗೆರೆ ಎಳೆದು ಸೇರಿಸಿ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಇಲ್ಲಿ ಇನ್ನೂ ಒಂದು ಖುಷಿಯ ಸಂಗತಿ ಇದೆ. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದರಲ್ಲ, ಅವರ ಮಗ ಶಂಭು ಹೆಗಡೆಯವರು ದೆಹಲಿಯಲ್ಲಿ ಮಾಯಾ ರಾವ್ ಅವರ ಹತ್ತಿರ ನೃತ್ಯ ಸಂಯೋಜನೆ ಕಲಿತವರು. ಮಾಯಾ ರಾವ್ 1960ರ ದಶಕದಲ್ಲಿ ಮಾಸ್ಕೋಗೆ ಹೋಗಿ, ಅಲ್ಲಿನ ಹೆಸರಾಂತ ರಂಗಮಂದಿರ ಬೊಲ್ಶೊಯ್‌ನ ಬ್ಯಾಲೆ ಸಂಯೋಜಕ ರೊಸ್ತಿಸ್ಲಾವ್ ಜಖಾರೊವ್ ಅವರ ಕೈಕೆಳಗೆ ಕಲಿತಿದ್ದರು. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಕ್ಕೆ ಬ್ಯಾಲೆ ಅನ್ನುವ ಹೆಸರನ್ನೇ ಇಟ್ಟಿದ್ದರು. ಹಾಗಾಗಿ ಯಾರಾದರೂ "ನಮ್ಮ ಕಡೆಗೂ ಬ್ಯಾಲೆಗೂ ಎಂತ ಸಂಬಂಧ ಮಾರಾಯ್ತಿ?" ಅಂತ ಕೇಳಿದರೆ ನಾನು ಈ ಕತೆ ಹೇಳುತ್ತೇನೆ.

ಹೆಜ್ಜೆ 4: ಪಾಠ ಮುಗಿದ ಹತ್ತು ನಿಮಿಷದಲ್ಲಿ ಮೂರು ಸಾಲು

ಒಂದು ಚಿಕ್ಕ ಪುಸ್ತಕ ಸಾಕು. ನಾನು ಕಾರವಾರ ಬಸ್ ನಿಲ್ದಾಣದಲ್ಲಿ ಕೂತು ಬರೆಯುತ್ತೇನೆ, ಮನೆ ತಲುಪಿದರೆ ಮರೆತುಹೋಗುತ್ತದೆ. ಮೊದಲ ಸಾಲು: ಇವತ್ತು ಯಾವುದು ಯೋಚಿಸದೇ ಬಂತು. ಎರಡನೇ ಸಾಲು: ಟೀಚರ್ ತಿದ್ದಿದ್ದರಲ್ಲಿ ಯಾವುದನ್ನು ಅದೇ ಪಾಠದಲ್ಲಿ ಸರಿ ಮಾಡಿಕೊಂಡೆ. ಮೂರನೇ ಸಾಲು: ಯಾವಾಗ ಖುಷಿಯಾಯಿತು.

"ಚೆನ್ನಾಗಿತ್ತು", "ಪರವಾಗಿಲ್ಲ" ಅಂತ ಬರೆದರೆ ಉಪಯೋಗ ಇಲ್ಲ. ನನ್ನ ಪುಸ್ತಕದಿಂದ ಒಂದು ದಿನದ್ದು ಹೀಗಿದೆ: "ಎಡಗಾಲಿನ ಅರಬೆಸ್ಕ್, ನಾಲ್ಕು ಎಣಿಕೆ ಅಲುಗಲಿಲ್ಲ. ಮೊಣಕೈ ಇಳಿಯುತ್ತಿದೆ ಅಂದರು, ಎರಡನೇ ಸಲಕ್ಕೆ ಸರಿಯಾಯಿತು. ವಾಲ್ಟ್ಸ್ ಶುರುವಾದಾಗ ಎದೆ ಹಗುರ." ಇಷ್ಟೇ. (ಅರಬೆಸ್ಕ್ ಅಂದರೆ ಒಂಟಿ ಕಾಲಲ್ಲಿ ನಿಂತು ಇನ್ನೊಂದನ್ನು ಹಿಂದಕ್ಕೆ ಚಾಚುವುದು, ವಾಲ್ಟ್ಸ್ ಅಂದರೆ ಮೂರು ಎಣಿಕೆಯ ಸಂಗೀತ.)

ಎರಡನೇ ಸಾಲಿನ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ದೊಡ್ಡವರಾಗಿ ಕಲಿಯುವವರ ದೊಡ್ಡ ಬಲ ಇಲ್ಲೇ ಇರುತ್ತದೆ ಅಂತ ನನ್ನ ನಂಬಿಕೆ. ನಾವು ಕಾರಣ ಕೇಳುತ್ತೇವೆ. "ಮೊಣಕೈ ಎತ್ತು" ಅಂದರೆ ಸುಮ್ನೆ ಎತ್ತುವುದಿಲ್ಲ, ಯಾಕೆ ಇಳಿಯಿತು ಅಂತ ನೋಡುತ್ತೇವೆ, ಬೆನ್ನು ಬಿಟ್ಟದ್ದಕ್ಕೆ ಕೈ ಇಳಿಯಿತು ಅಂತ ಗೊತ್ತಾಗುತ್ತದೆ. ಒಮ್ಮೆ ಗೊತ್ತಾದರೆ ಅದೇ ತಿದ್ದುಪಡಿ ಹತ್ತು ಕಡೆ ಕೆಲಸ ಮಾಡುತ್ತದೆ. ತಿಂಗಳ ಕೊನೆಗೆ ಪುಸ್ತಕ ತೆಗೆದು ಎರಡನೇ ಸಾಲುಗಳನ್ನು ಮಾತ್ರ ಓದಿ. ಯಾವ ಬಗೆಯ ತಿದ್ದುಪಡಿ ನಿಮ್ಮ ದೇಹ ಬೇಗ ಒಪ್ಪಿಕೊಳ್ಳುತ್ತದೆ? ಕೈಯದ್ದಾ, ತಾಳದ್ದಾ, ಭಾರ ಬದಲಿಸುವುದಾ? ಅಲ್ಲಿಗೆ ಒಂದು ಸುಳಿವು ಸಿಕ್ಕಿತು.

ಹೆಜ್ಜೆ 5: ತಿಂಗಳಿಗೊಮ್ಮೆ ವಿಡಿಯೊ, ಒಂದೇ ಮೂಲೆಯಿಂದ

ಫೋನನ್ನು ಒಂದೇ ಜಾಗದಲ್ಲಿ, ಸೊಂಟದೆತ್ತರದಲ್ಲಿ ಇಡಿ. ಕೆಳಗಿಟ್ಟರೆ ಕಾಲು ಉದ್ದ ಕಾಣುತ್ತದೆ, ಮೇಲಿಟ್ಟರೆ ಗಿಡ್ಡ, ಎರಡೂ ಸುಳ್ಳು. ಪ್ರತಿ ಸಲವೂ ಅವೇ ನಾಲ್ಕು: ಒಂದು ಪ್ಲಿಯೆ ಸಾಲು, ಒಂದು ತಾಂದ್ಯು ಸಾಲು, ಒಂಟಿ ಕಾಲಲ್ಲಿ ನಿಲ್ಲುವುದು, ನಿಮಗೆ ಇಷ್ಟವಾದ ಒಂದು ಚಿಕ್ಕ ನೃತ್ಯ. ಎಲ್ಲ ಸೇರಿ ಐದು ನಿಮಿಷ ದಾಟಬಾರದು.

ಅದೇ ದಿನ ನೋಡಬೇಡಿ. ನಾನು ಒಂದು ವಾರ ಬಿಡುತ್ತೇನೆ. ಅದೇ ದಿನ ನೋಡಿದರೆ ತಪ್ಪಿದ್ದೇ ಕಾಣುತ್ತದೆ, ಇಲ್ಲಿ ಎಡವಿದೆ, ಅಲ್ಲಿ ಮರೆತೆ ಅಂತ. ವಾರ ಕಳೆದ ಮೇಲೆ ಮೊದಲ ಸಲ ಶಬ್ದ ಇಲ್ಲದೆ ನೋಡಿ, ಆಗ ದೇಹದ ಆಕಾರ ಕಾಣುತ್ತದೆ. ಎರಡನೇ ಸಲ ಶಬ್ದ ಹಾಕಿ ನೋಡಿ, ಸಂಗೀತದ ಜೊತೆ ಇದ್ದೀರಾ ಅಂತ ತಿಳಿಯುತ್ತದೆ. ಮೂರನೇ ಸಲ ಕಣ್ಣು ಮುಚ್ಚಿ ಕೇಳಿ. ಹೌದು, ಬರೀ ಕೇಳಿ. ನೆಗೆದು ಇಳಿಯುವಾಗ ಸದ್ದು ಎಷ್ಟು ಬರುತ್ತದೆ? ಬ್ಯಾಲೆಯಲ್ಲಿ ಇಳಿಯುವಾಗ ಮೊದಲು ಬೆರಳು, ಆಮೇಲೆ ಪಾದದ ಮುಂಭಾಗ, ಆಮೇಲೆ ಹಿಮ್ಮಡಿ, ಕೊನೆಗೆ ಮಂಡಿ ಬಗ್ಗುವುದು. ಈ ಕ್ರಮ ಸರಿ ಇದ್ದರೆ ಸದ್ದು ತೀರಾ ಕಡಿಮೆ. ನೆಗೆತ ಎತ್ತರ ಇಲ್ಲದಿದ್ದರೂ ಇಳಿತ ಮೆತ್ತಗಿದ್ದರೆ ಅದನ್ನು ಬರೆದಿಡಿ, ಮುಂದೆ ಎತ್ತರ ಬಂದಾಗ ಮಂಡಿಯನ್ನು ಕಾಯುವುದು ಅದೇ.

ನೋಡಿದ ಮೇಲೆ ತಪ್ಪು ಬರೆಯುವ ಮೊದಲು ಎರಡು ಒಳ್ಳೆಯದು ಬರೆಯಬೇಕು ಅಂತ ನಿಯಮ ಮಾಡಿಕೊಳ್ಳಿ. ಸಿಗದಿದ್ದರೆ ಸಿಗುವವರೆಗೆ ಮತ್ತೆ ನೋಡಿ.

ಹೆಜ್ಜೆ 6: ಕೊನೆಯ ಹದಿನೈದು ನಿಮಿಷ

ಪಾಠದ ಶುರುವಿನಲ್ಲಿ ಎಲ್ಲವೂ ಸ್ವಲ್ಪ ಸ್ವಲ್ಪ ಬರುತ್ತದೆ. ಕಾಲು ಸೋತಾಗ, ಸೆಕೆಗೆ ಬಟ್ಟೆ ಮೈಗೆ ಅಂಟಿದಾಗ (ಏಪ್ರಿಲ್, ಮೇನಲ್ಲಿ ಕಾರವಾರದ ಸೆಕೆ ಗೊತ್ತಲ್ಲ) ಏನು ಉಳಿಯುತ್ತದೆ ಅಂತ ನೋಡಿ. ಕೆಲವರಿಗೆ ಕಾಲು ಸೋತರೂ ತಾಳ ಬಿಡುವುದಿಲ್ಲ. ಕೆಲವರ ಕೈ ಕೊನೆಯವರೆಗೂ ಮುದುಡುವುದಿಲ್ಲ. ಕೆಲವರು ಹೆಜ್ಜೆಯ ಸಾಲು ಮರೆಯುವುದಿಲ್ಲ, ಎಲ್ಲರೂ ಅವರನ್ನೇ ನೋಡಿ ಮಾಡುತ್ತಾರೆ.

ನಿಮ್ಮನ್ನು ನೋಡಿ ಬೇರೆಯವರು ಏನನ್ನು ಅನುಸರಿಸುತ್ತಾರೆ ಅಂತ ಗಮನಿಸಿದ್ದೀರಾ? ಗೊಂದಲವಾದಾಗ ನಿಮ್ಮ ಕಡೆ ತಿರುಗುವ ಕಣ್ಣು ಸುಳ್ಳು ಹೇಳುವುದಿಲ್ಲ.

ಹೆಜ್ಜೆ 7: ಟೀಚರನ್ನು ಸರಿಯಾದ ಪ್ರಶ್ನೆ ಕೇಳಿ

"ನಾನು ಹೇಗೆ ಮಾಡ್ತಿದ್ದೇನೆ ಟೀಚರ್?" ಅಂತ ಕೇಳಿದರೆ "ಚೆನ್ನಾಗಿ ಮಾಡ್ತಿದ್ದೀರಿ" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಬದಲಿಗೆ, "ಇನ್ನೊಬ್ಬರಿಗೆ ತೋರಿಸಲು ನನ್ನನ್ನು ನಿಲ್ಲಿಸುವುದಾದರೆ ಯಾವುದಕ್ಕೆ ನಿಲ್ಲಿಸುತ್ತೀರಿ?" ಅಂತ ಕೇಳಿ. ನಾನು ಕೇಳಿದಾಗ ಅವರು ಒಂದು ನಿಮಿಷ ಯೋಚಿಸಿ, "ಒಂದು ಭಂಗಿಯಿಂದ ಇನ್ನೊಂದಕ್ಕೆ ಹೋಗುವ ದಾರಿ. ನೀವು ದಾರಿಯನ್ನು ಅವಸರ ಮಾಡುವುದಿಲ್ಲ" ಅಂದರು. ಅದೂ ಒಂದು ಬಲ ಅಂತಲೇ ನನಗೆ ಗೊತ್ತಿರಲಿಲ್ಲ.

ಇನ್ನೊಂದು. ಬೇರೆ ಬೇರೆ ಟೀಚರ್ ಬೇರೆ ಬೇರೆ ಪದ್ಧತಿಯವರು. ತಲೆ ಮೇಲೆ ಎತ್ತಿದ ಎರಡು ಕೈಯನ್ನು ರಷ್ಯಾದ ವಗಾನೊವಾ ಪದ್ಧತಿಯಲ್ಲಿ ಮೂರನೆಯದು ಅಂದರೆ ಫ್ರೆಂಚ್ ಪದ್ಧತಿಯಲ್ಲಿ ಐದನೆಯದು ಅನ್ನುತ್ತಾರೆ. ಆನ್‌ಲೈನ್‌ನಲ್ಲಿ ಎರಡು ಕಡೆ ಕಲಿಯುವವರು ಇದರಿಂದ ತಮಗೇ ನೆನಪು ಸಾಲದು ಅಂದುಕೊಂಡು ಕುಗ್ಗುತ್ತಾರೆ. ನಿಮ್ಮ ನೆನಪು ಸರಿಯಾಗಿಯೇ ಇದೆ. ಕೇಳಿ ಖಚಿತ ಮಾಡಿಕೊಳ್ಳಿ.

ಹೆಜ್ಜೆ 8: ಬಲವನ್ನು ದುಡಿಸಿ

ಬಲ ಗುರುತಿಸಿದ್ದು ಖುಷಿಪಡಲು ಮಾತ್ರ ಅಲ್ಲ. ಬಾರದೇ ಇರುವುದನ್ನು ಅದರ ಹೆಗಲ ಮೇಲೆ ಹೊರಿಸಬೇಕು. ನಾನು ಪ್ರಯೋಗ ಮಾಡಿ ನೋಡಿದ್ದು ಹೀಗೆ.

ನನ್ನ ಬಲ ನಿಧಾನದ ಸಮತೋಲ, ಕಷ್ಟ ಪಿರುಯೆಟ್. ಎರಡು ತಿಂಗಳು ತಿರುಗುವುದನ್ನೇ ಬಿಟ್ಟೆ. ಒಂದು ಪಾದವನ್ನು ಇನ್ನೊಂದು ಕಾಲಿನ ಮಂಡಿ ಹತ್ತಿರ ತಂದು ರೆಲೆವೆಯಲ್ಲಿ ನಿಲ್ಲುವುದು, ಎಂಟು ಎಣಿಕೆ, ದಿನಕ್ಕೆ ಹತ್ತು ಸಲ. ಅದು ಗಟ್ಟಿಯಾದ ಮೇಲೆ ಕಾಲುಭಾಗ ಸುತ್ತು, ಮತ್ತೆ ನಿಲ್ಲು. ಆಮೇಲೆ ಅರ್ಧ ಸುತ್ತು, ಮತ್ತೆ ನಿಲ್ಲು. ಆರು ತಿಂಗಳಿಗೆ ಒಂದು ಪೂರ್ತಿ ಸುತ್ತು ಬಂತು, ಮತ್ತು ಅದು ಎದುರು ಮುಖ ಮಾಡಿ ನಿಂತು ಮುಗಿಯುತ್ತದೆ. ವೇಗದಿಂದ ಹೋಗಲಾಗದ ಜಾಗಕ್ಕೆ ನಿಧಾನದಿಂದ ಹೋದೆ.

ತಾಳ ಚೆನ್ನಾಗಿರುವವರು ಹೆಜ್ಜೆಯ ಸಾಲನ್ನು ಬಾಯಲ್ಲಿ ಹೇಳಿ ಕಲಿಯಲಿ. ಯಕ್ಷಗಾನದಲ್ಲಿ ಬಾಯಿತಾಳ ಇದೆಯಲ್ಲ, ಹಾಗೇ. ಕುಮಟಾದವರು ಪೆತಿ ಅಲೆಗ್ರೊದ ಫ್ರೆಂಚ್ ಹೆಸರುಗಳನ್ನೆಲ್ಲ ತಾಳಕ್ಕೆ ಕೂರಿಸಿ ಹಾಡಿಕೊಂಡೇ ಕಲಿತರು. ಮೂರು ಎಣಿಕೆಯ ವಾಲ್ಟ್ಸ್ ನಮ್ಮ ತಿಶ್ರ ನಡೆಗೆ ಹತ್ತಿರ, ಪಕ್ಕದಿಂದ ಪಕ್ಕಕ್ಕೆ ತೂಗುವ ಬಲಾನ್ಸೆ ಹೆಜ್ಜೆಯನ್ನು "ತಕಿಟ ತಕಿಟ" ಅಂದುಕೊಂಡು ಮಾಡಿ ನೋಡಿ, ಎಷ್ಟು ಬೇಗ ಕೂರುತ್ತದೆ ಅಂತ. ಕೈ ಮತ್ತು ಕತ್ತು ಚೆಂದ ಇರುವವರು ಹೊಸ ಹೆಜ್ಜೆಯನ್ನು ಮೊದಲು ಕೂತುಕೊಂಡು ಕೈಯಲ್ಲಿ ಮಾತ್ರ ಮಾಡಲಿ, ಕಾಲು ಆಮೇಲೆ ಸೇರಿಕೊಳ್ಳುತ್ತದೆ. ನೆನಪು ಗಟ್ಟಿ ಇರುವವರು ಪಾಠದ ಹಿಂದಿನ ರಾತ್ರಿ ಮಲಗಿಕೊಂಡೇ ಪೂರ್ತಿ ಸಾಲನ್ನು ಮನಸ್ಸಿನಲ್ಲಿ ಓಡಿಸಲಿ.

ಮನೆಯ ಜಾಗದ ಬಗ್ಗೆಯೂ ಎರಡು ಮಾತು. ಟೈಲ್ಸ್ ಅಥವಾ ಸಿಮೆಂಟ್ ನೆಲದ ಮೇಲೆ ನೆಗೆಯಬೇಡಿ, ಮೀನಖಂಡಕ್ಕೂ ಮಂಡಿಗೂ ಪೆಟ್ಟು. ತವರಿನಲ್ಲಿ ನಾನು ಮೆತ್ತಿನ, ಅಂದರೆ ಮಹಡಿಯ, ಹಲಗೆ ನೆಲದ ಮೇಲೆ ಮಾಡುತ್ತೇನೆ, ಅದು ಸ್ವಲ್ಪ ಕುಪ್ಪಳಿಸುತ್ತದೆ, ಕಾಲಿಗೆ ಹಿತ. ಮಳೆಗಾಲದಲ್ಲಿ ನೆಲ ಬೆವರುತ್ತದೆ, ಒರೆಸಿ ಒಣಗಿಸಿದ ಮೇಲೆಯೇ ಶುರು. ಆಸರೆಗೆ ಭಾರದ ಕುರ್ಚಿಯ ಬೆನ್ನು ಸಾಕು. ಅದನ್ನು ಹಿಡಿದು ಜಗ್ಗಬಾರದು, ಬೆರಳು ಮೇಲಿಟ್ಟರೆ ಸಾಕು.

ಹೆಜ್ಜೆ 9: ಬಲವೇ ಅಡ್ಡ ಬರುವ ಕಡೆ

ಹಳೆಯ ಅಭ್ಯಾಸ ಸಹಾಯ ಮಾಡುವಷ್ಟೇ ಕೈ ಹಿಡಿದು ಹಿಂದಕ್ಕೂ ಎಳೆಯುತ್ತದೆ. ಭರತನಾಟ್ಯದವರು ಅರಮಂಡಿಯಲ್ಲಿ ಕೂತೇ ನೃತ್ಯ ಮಾಡುವವರು, ಪಾದವನ್ನು ನೆಲಕ್ಕೆ ತಟ್ಟುವವರು. ಬ್ಯಾಲೆಯ ಪ್ಲಿಯೆ ನೋಡಲು ಹಾಗೇ ಇದ್ದರೂ ಅದು ದಾಟಿ ಹೋಗುವ ಜಾಗ. ಕೆಳಗೆ ಹೋದದ್ದು ಮೇಲೆ ಬರಲಿಕ್ಕೆ, ಅಲ್ಲಿ ಕೂರಬಾರದು. ಯಕ್ಷಗಾನದ ಹೆಜ್ಜೆಯಲ್ಲಿ ಸದ್ದೇ ಚೆಂದ, ಇಲ್ಲಿ ಸದ್ದು ಬರಬಾರದು. ಕುಮಟಾದವರಿಗೆ ಇದು ಒಂದು ವರ್ಷ ತೆಗೆದುಕೊಂಡಿತು. ಅವರು ತಮ್ಮ ಹಳೆಯದನ್ನು ಬಿಡಲಿಲ್ಲ. ಪಾಠಕ್ಕೆ ಮೊದಲು ಹತ್ತು ನಿಮಿಷ ಯಕ್ಷಗಾನದ ಹೆಜ್ಜೆ ಹಾಕಿ, ಆಮೇಲೆ ಬ್ಯಾಲೆಯ ಮೆತ್ತನೆ ಶೂ ಹಾಕಿಕೊಂಡು ಅದೇ ತಾಳಕ್ಕೆ ಸದ್ದಿಲ್ಲದೆ ನೆಗೆಯುತ್ತಿದ್ದರು. ಎರಡೂ ಬೇರೆ ಬೇರೆ ಅಂತ ಕಾಲಿಗೇ ಕಲಿಸಿದರು.

ಮೈ ತುಂಬಾ ಬಳುಕುವವರೂ ಜಾಗ್ರತೆ. ಮಂಡಿ ಹಿಂದಕ್ಕೆ ಬಾಗುವವರು ಕೀಲಿನ ಮೇಲೆ ಭಾರ ಬಿಟ್ಟು ನಿಲ್ಲುತ್ತಾರೆ, ಸ್ನಾಯು ಕೆಲಸ ಮಾಡುವುದೇ ಇಲ್ಲ. ಅಂಥವರು ಚಾಚುವುದಕ್ಕಿಂತ ಹಿಡಿಯುವುದನ್ನು ಅಭ್ಯಾಸ ಮಾಡಬೇಕು. ಸಮತೋಲ ಚೆನ್ನಾಗಿರುವ ನನ್ನಂಥವರು ನಿಂತ ಜಾಗದಲ್ಲೇ ಸುಖ ಕಾಣುತ್ತೇವೆ, ಹಾಲ್ ದಾಟಿ ಓಡಲು ಹೆದರುತ್ತೇವೆ. ನನ್ನ ಪುಸ್ತಕದಲ್ಲಿ ಈ ವರ್ಷದ ಮೊದಲ ಪುಟದಲ್ಲಿ "ಜಾಗ ತಿನ್ನು" ಅಂತ ಮಾತ್ರ ಬರೆದಿದ್ದೇನೆ.

ಬೆರಳ ತುದಿಯ ಮೇಲೆ ನಿಲ್ಲುವ ಪಾಯಿಂಟ್ ಶೂ ಬಗ್ಗೆ ಎಲ್ಲರೂ ಕೇಳುತ್ತಾರೆ. ಆಸೆ ಇದ್ದರೆ ತಪ್ಪೇನೂ ಇಲ್ಲ. ಆದರೆ ಹರಡು, ಪಾದ, ನಡುಭಾಗ ಸಾಕಷ್ಟು ಗಟ್ಟಿ ಇದೆ ಅಂತ ಟೀಚರ್ ಕೈಯಿಂದ ಮುಟ್ಟಿ ನೋಡಿ ಹೇಳಬೇಕು. ಫೋನಿನಲ್ಲಿ ನೋಡಿ ಹೇಳುವ ವಿಷಯ ಅಲ್ಲ ಅದು, ಆನ್‌ಲೈನ್‌ನಲ್ಲಿ ಶೂ ತರಿಸಿಕೊಂಡು ಒಬ್ಬರೇ ನಿಲ್ಲಬೇಡಿ.

ಹೆಜ್ಜೆ 10: ಒಬ್ಬರಿಗೊಬ್ಬರು ಚೀಟಿ

ಮೂರು ತಿಂಗಳಿಗೊಮ್ಮೆ ನಾವು ಏಳು ಜನ ಹೆಸರು ಬರೆದ ಚೀಟಿ ಎತ್ತುತ್ತೇವೆ. ಯಾರ ಹೆಸರು ಬಂತೋ ಅವರನ್ನು ಆ ದಿನ ಪೂರ್ತಿ ಗಮನಿಸಿ, ಕೊನೆಗೆ ಅವರಲ್ಲಿ ಕಂಡ ಒಂದು ಬಲವನ್ನು ಬರೆದು ಕೊಡಬೇಕು. ಹೊಗಳಿಕೆ ನಡೆಯುವುದಿಲ್ಲ. ಯಾವ ಹೆಜ್ಜೆಯಲ್ಲಿ, ಯಾವಾಗ ಅಂತ ಬರೆಯಬೇಕು. ಒಬ್ಬರೇ ಕಲಿಯುವವರು ತಮ್ಮ ವಿಡಿಯೊವನ್ನು ನಂಬಿಕೆಯ ಗೆಳತಿಯೊಬ್ಬರಿಗೆ ತೋರಿಸಿ ಇದೇ ಪ್ರಶ್ನೆ ಕೇಳಬಹುದು, ಅವರಿಗೆ ಬ್ಯಾಲೆ ಗೊತ್ತಿರಬೇಕು ಅಂತಿಲ್ಲ.

ಕಳೆದ ಸಲ ನನ್ನ ಹೆಸರು ನರ್ಸ್ ಕೈಗೆ ಬಂದಿತ್ತು. ಅವರು ಬರೆದಿದ್ದರು: "ಅಲೆಗ್ರೊದಲ್ಲಿ ಅಕ್ಕ ಎರಡು ಸಲ ತಪ್ಪಿದರು. ಎರಡೂ ಸಲ ನಿಲ್ಲಲಿಲ್ಲ, ಮುಂದಿನ ಎಣಿಕೆಗೆ ಸೇರಿಕೊಂಡರು. ನಾನು ಯಾವಾಗಲೂ ಅವರ ಹಿಂದೆ ನಿಲ್ಲುವುದು ಅದಕ್ಕೇ." ನನ್ನ ಪುಸ್ತಕದಲ್ಲಿ ಎರಡು ವರ್ಷದ ಸಾಲುಗಳಿವೆ, ಇದು ಅದರಲ್ಲಿ ಎಲ್ಲೂ ಇರಲಿಲ್ಲ.